ಬೇಲಿ ದಾಟಿದ ಕಾಯಿಕೊರಕ

ಮಾನ್ಯ ಅಧ್ಯಕ್ಷರೇ, ಕೀಟ ಸಂಶೋಧನಾ ಕೇಂದ್ರದಿಂದ ಬಂದಿರುವ ಅತಿಥಿಗಳೇ, ತೋಟದ ಕೆಲಸ ಬಿಟ್ಟು ಬಂದಿರುವ ಬೆಳೆಗಾರ ಬಂಧುಗಳೇ, ಸಭಿಕರೇ,

ಸಮಗ್ರ ಕೀಟ ನಿರ್ವಹಣೆಗೆಂದು ಈ ವರ್ಷದ ಸನ್ಮಾನವನ್ನು ನನಗೆ ಮಾಡಿದ್ದೀರಿ. ಅಧ್ಯಕ್ಷರು ನನ್ನ ಒಡಹುಟ್ಟಿದ ಅಣ್ಣ ಎಂಬುದು ನಿಮಗೆ ಗೊತ್ತು. ನಾವಿಬ್ಬರೂ ವರ್ಷಗಟ್ಟಲೆ ಮಾತು ಬಿಟ್ಟಿದ್ದೆವು ಎಂಬುದೂ ಗೊತ್ತು. ಗೊತ್ತಿಲ್ಲದವರಿಗೆ ಪಕ್ಕದವರು ಈಗಾಗಲೇ ಹೇಳಿರುತ್ತಾರೆ.

ಅಪ್ಪನ ಕಾಫಿ ತೋಟ ಪಾಲಾದಾಗ ನಡುವೆ ಬೇಲಿ ಬಂತು. ಕಾಯಿಕೊರಕಕ್ಕೆ ಯಾವ ಬೇಲಿ? ಎಳ್ಳಿಗಿಂತ ಸಣ್ಣ ಕರಿ ಹುಳ. ಕಾಯಿಯ ತುದಿಯಲ್ಲಿ ತೂತು ಕೊರೆದು ಒಳಗೇ ಸಂಸಾರ ಹೂಡುತ್ತದೆ. ಕೊಯ್ಲಾದ ಮೇಲೆ ಗಿಡದಲ್ಲಿ ಉಳಿದದ್ದು, ನೆಲಕ್ಕೆ ಉದುರಿದ್ದು ಎಲ್ಲವನ್ನೂ ಆರಿಸಿ ತೆಗೆಸಿದೆ. ಹುಳ ಹಿಡಿಯುವ ಟ್ರ್ಯಾಪ್ ಕಟ್ಟಿಸಿದೆ. ಆದರೂ ಬೇಲಿ ಪಕ್ಕದ ಗಿಡಗಳಲ್ಲಿ ತೂತು ತಪ್ಪಲಿಲ್ಲ. ಯಾಕೆ? ಆಚೆ ಕಡೆ ಅಣ್ಣ ಉದುರಿದ ಕಾಯಿಯನ್ನು ಹಾಗೇ ಬಿಟ್ಟಿದ್ದ.

ಅವನ ಮನೆಗೆ ಹೋದೆ. ಅತ್ತಿಗೆ ಬಾಗಿಲು ತೆಗೆದರು. ಅಣ್ಣ ಪೇಪರಿನಿಂದ ತಲೆ ಎತ್ತದೆ, "ಏನು ಬಂದಿರಿ?" ಎಂದ. ಚಿಕ್ಕಂದಿನಲ್ಲಿ ನನ್ನ ಜಡೆ ಎಳೆಯುತ್ತಿದ್ದವನು! ಆ ಬಹುವಚನ ಕೇಳಿ ವಾಪಸ್ ಹೊರಟುಬಿಡೋಣ ಅನ್ನಿಸಿತು. ಹೊರಡಲಿಲ್ಲ. ಅವನ ತೋಟದ ಕಾಯಿಯೊಂದನ್ನು ಮೇಜಿನ ಮೇಲಿಟ್ಟು ಚಾಕುವಿನಿಂದ ಸೀಳಿದೆ. ಒಳಗೆ ಮರಿಹುಳಗಳು ಮಿಸುಕಾಡುತ್ತಿದ್ದವು.

"ಔಷಧಿ ಹೊಡಿಸ್ತೀನಿ," ಎಂದ.

"ಕಾಯಿ ಒಳಗೆ ಕೂತಿರೋದಕ್ಕೆ ಔಷಧಿ ತಾಗಲ್ಲ ಕಣಣ್ಣ. ಕೊರಕವನ್ನ ತಿನ್ನೋ ಒಳ್ಳೆ ಹುಳಗಳೇ ಸಾಯ್ತವೆ. ಆರಿಸಬೇಕು."

"ನನ್ನ ಸೊಂಟ ಬಗ್ಗಲ್ಲ."

"ನಾನು ಬಗ್ತೀನಿ."

ಪೇಪರು ಮಡಿಚಿಟ್ಟ. ಆಮೇಲೆ, "ಅಪ್ಪನ ಹತ್ರಾನೂ ನಿನ್ನ ಮಾತೇ ನಡೀತಿತ್ತು. ನಾನು ಹೇಳಿದ್ದು ಯಾವತ್ತು ನಡೆದಿದೆ?" ಎಂದ. ಬೇಲಿ ಯಾಕೆ ಬಂತು ಎಂದು ನನಗೆ ಗೊತ್ತಾದದ್ದು ಅವತ್ತೇ.

ಮಾರನೆಯ ದಿನ ನನ್ನ ಕೆಲಸದವರೊಂದಿಗೆ ಅವನ ತೋಟಕ್ಕೆ ಇಳಿದೆ. ನಾನು ಬಗ್ಗಿ ಆರಿಸಿದೆ. ಅವನು ಚೀಲದ ಬಾಯಿ ಹಿಡಿದು ಹಿಂದೆ ಬಂದ. "ಅಲ್ಲೊಂದು ಬಿಟ್ಟೆ, ಇಲ್ಲೊಂದು ಬಿಟ್ಟೆ" ಎನ್ನುತ್ತಾ ಆಗಲೇ ಅಧ್ಯಕ್ಷತೆ ವಹಿಸಿಬಿಟ್ಟಿದ್ದ. ಆರಿಸಿದ್ದನ್ನೆಲ್ಲ ಕುದಿಯುವ ನೀರಿಗೆ ಸುರಿದೆವು. ಒಲೆಯ ಮುಂದೆ ನಿಂತು ಅವನು ಹೇಳಿದ್ದನ್ನು ಮಾತ್ರ ಮೈಕಿನಲ್ಲಿ ಹೇಳಲಾರೆ. ಅಧ್ಯಕ್ಷರು ಆಗಲೇ ಗಡಿಯಾರ ನೋಡಿಕೊಳ್ಳುತ್ತಿದ್ದಾರೆ.

ಈ ಸಲ ಬೇಲಿಯ ಎರಡೂ ಕಡೆ ಕಾಯಿ ಗಟ್ಟಿಯಾಗಿದೆ. ಇನ್ನು ಉಳಿದಿರುವುದು ನಮ್ಮಿಬ್ಬರ ತೋಟಕ್ಕೂ ತಾಗಿಕೊಂಡಿರುವ ಮೇಲಿನ ತೋಟ. ಅದರ ಯಜಮಾನರು ಹಿಂದಿನ ಸಾಲಿನಲ್ಲೇ ಕೂತಿದ್ದಾರೆ. ಸ್ವಾಮಿ, ನಾಳೆ ಬೆಳಿಗ್ಗೆ ನಾನೂ ಅಣ್ಣನೂ ಬುಟ್ಟಿ ಹಿಡಿದು ನಿಮ್ಮ ಗೇಟಿಗೆ ಬರುತ್ತೇವೆ. ದಯವಿಟ್ಟು ನಾಯಿ ಕಟ್ಟಿಹಾಕಿರಿ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.