ಏಳನೇ ನಂಬರಿನ ಬಿಲ್ಲಿ

ಏ, ನಗಬ್ಯಾಡ್ರಿ! ಇದು ನಮ್ಮ ದೊಡ್ಡವ್ವನ ಮಗ ಕಲ್ಲೇಶಗ ಖರೇನ ಆಗಿದ್ದು. ಹೋದ ಶ್ರಾವಣದಾಗ, ಇಲ್ಲೇ ಸನತ್‌ನಗರದ ಫ್ಯಾಕ್ಟರಿಯಾಗ.

ಆಗಿನ್ನೂ ಬಾಯ್ಲರ್ ರಿಪೇರಿಗೆ ಹೊಸಾ ಸೂಪರ್‌ವೈಸರ್ ಆಗಿದ್ದ. ಹೆಸರಿಗಷ್ಟ! ಫೋನಿನಾಗ ಮ್ಯಾನೇಜರ್ ಒದರತಿದ್ದ, ಎದುರಿಗೆ ಹಳೇ ಫಿಟರ್ ಹುಸೇನಪ್ಪ ಹೋ ಹೋ ಅಂತ ನಗತಿದ್ದ. "ಸಾಬ್, ಮೊದ್ಲ ಮೀಸಿ ಬರ್ಲಿ, ಆಮ್ಯಾಲ ಹುಕುಂ ಮಾಡ್ರಿ." ಮೂರು ದಿನ ಇದಽ ಹಾಡು.

ಅಲ್ಲೊಂದು ಪದ್ಧತಿ ಐತಿ. ಬಾಯ್ಲರ್ ಹೊಟ್ಟಿಯೊಳಗ ಇಳಿಯಾವ ತನ್ನ ನಂಬರಿನ ಹಿತ್ತಾಳಿ ಬಿಲ್ಲಿ ಹೊರಗ ಮೊಳಿಗೆ ತೂಗಹಾಕಬೇಕು, ಹೊರಗ ಬಂದು ತಗೋಬೇಕು. ಮೊಳಿ ಖಾಲಿ ಅಂದ್ರ ಹೊಟ್ಟಿ ಖಾಲಿ.

ಆವತ್ತು ಮೊಳಿ ಎಲ್ಲಾ ಖಾಲಿ. ಕಲ್ಲೇಶ ಮುಚ್ಚಳ ಬಿಗಿಸಿದ, ಸಹಿ ಹಾಕಿದ. "ಅರ್ಧ ತಾಸು ತಡದು ಒಳಗ ನೀರು ಬಿಡು," ಅಂತ ಆಪರೇಟರ್ ಸಾಯಿಕುಮಾರಗ ಹೇಳಿ ಹಿಂದಿನ ಗೇಟಿನಿಂದ ರೂಮಿಗೆ ಹೊಂಟ. ಹನ್ನೆರಡು ದಾಟಿತ್ತು. ಹಾಳಾದ ನೌಕರಿ, ನಾಳೆ ಬಿಟ್ಟಽ ಬಿಡ್ತೀನಿ ಅಂತ ಗೊಣಗಕೋತ... ಆಲದ ಮರ ಬಂತು.

ಟಿಣ್...

ನಿಂತ. ಗಾಳಿ ಇಲ್ಲ. ಒಂದೂ ಎಲಿ ಅಲುಗವಲ್ದು.

ಟಿಣ್... ಟಿಣ್...

ಬಿಳಲಿಗೆ ಒಂದು ಹಿತ್ತಾಳಿ ಬಿಲ್ಲಿ ಜೋತಾಡಾಕತ್ತಿತ್ತು. ನಂಬರ್ ಏಳು.

"ಯಾವನ್ಲೇ ನನ್ನ ಜೋಡಿ ಚಾಷ್ಟಿ ಮಾಡಾವ?" ಸಿಟ್ಟಿಲೆ ಕಿತಗೊಂಡ. ಅಂಗೈ ಚುರ್ ಅಂತು. ಕಾದಿತ್ತ್ರೀ ಅದು!

ಕಟ್ಟಿ ಮ್ಯಾಲ ಕಂಬಳಿ ಹೊತ್ತಾವ ಒಬ್ಬ ಕುಂತಿದ್ದ. ಪಿಸುಗುಟ್ಟಿದ.

"ಎಣಿಸಿದ್ರೇನು, ಸಾಬ್?"

"ಎಣಿಸೀನಿ. ಒಂದೂ ಬಿಲ್ಲಿ ಇಲ್ಲ."

"ಬಿಲ್ಲಿ ಅಲ್ಲ... ಮಂದಿ?"

ಆಗ ಕಲ್ಲೇಶಗ ಹೊಳೀತು. ಮೂರು ದಿನ ತಲಿ ತಿಂದ ಹುಸೇನಪ್ಪನ ಆ ನಗು... ರಾತ್ರಿ ಚಾ ಕುಡದಮ್ಯಾಲ ಒಮ್ಮೇನೂ ಕೇಳೇ ಇಲ್ಲ!

ಓಡಿದ. ಗೇಟಿನಾಗಽ ಕೇಳಿಸ್ತು... ಪೈಪಿನಾಗ ಸೊರ್ರ್ ಅಂತ ನೀರು.

"ಆಪುರಾ! ಬಂದ್ ಮಾಡೋ ಸಾಯಿ!"

ಸಾಯಿ ಗಾಬರಿಯಾಗಿ ಮ್ಯಾನೇಜರ್‌ಗ ಫೋನ್ ಹಚ್ಚಿದ. ಆಂವ ಅದರಾಗಽ ಚೀರಿದ, "ಮುಚ್ಚಳ ತೆಗದ್ರ ನಿನ್ನ ನೌಕರಿ ಹೋತು!"

"ಹೋಗ್ಲಿ ಬಿಡ್ರೀ!"

ಬೋಲ್ಟು ಕಿರ್ರ್... ಕಿರ್ರ್... ಬ್ಯಾಟರಿ ಹಾಕಿದ್ರ, ಒಳಗ ಹುಸೇನಪ್ಪ. ಎಚ್ಚರಿಲ್ಲ, ಕಿವಿತನಾ ನೀರು. ಮರತ ಪಾನಾ ತರಾಕ ಮತ್ತ ಒಳಗ ಇಳದಿದ್ದನಂತ, ಸೆಕಿಗೆ ಬಿದ್ದಾನ. ಅವನ ಬಿಲ್ಲಿ? ಊಟದ ಡಬ್ಬಿ ಚೀಲದಾಗ! ಮೊಳಿಗೆ ಹಾಕೋದು ಹೊಸಬರ ಕೆಲಸ ಅಂತಿದ್ದ, ಪುಣ್ಯಾತ್ಮ. ಉಳದ. ಈಗ ಕಲ್ಲೇಶನ ಮುಂದ ನಗಂಗಿಲ್ಲ.

ಮರುದಿನ ಸ್ಟೋರಿನ ವಿಶಾಲಾಕ್ಷಿ ಬಾಯಾರ್ನ ಕೇಳಿದ, "ಏಳನೇ ನಂಬರ್ ಯಾರದು?" ಬಾಯಾರು ರಿಜಿಸ್ಟರ್ ತೋರಿಸಿದ್ರು. ಆರು ಆದಮ್ಯಾಲ ಎಂಟು. "ಏಳು ಯಾರಿಗೂ ಕೊಡಂಗಿಲ್ಲಪಾ. ಆ ಬಿಲ್ಲಿಯಾವ ಒಳಗ ಇಳದಾವ ಹೊರಗ ಬರಲೇ ಇಲ್ಲ," ಅಂದು ಪಟ್ ಅಂತ ಮುಚ್ಚಿದ್ರು.

ಬಿಲ್ಲಿ ಕಲ್ಲೇಶನ ಟ್ರಂಕಿನಾಗ ಐತಿ. ಸುಳ್ಳಂದ್ರ ಈಗಽ ಬರ್ರಿ, ತೋರಸ್ತೀನಿ! ಮೊನ್ನೆ ಅಷ್ಟು ಥಂಡಿಯಾಗ ನಾನಽ ಮುಟ್ಟಿ ನೋಡೀನಿ...

ಇನ್ನೂ ಬೆಚ್ಚಗ ಐತ್ರೀ.