ಮದುಮಗಳ ಹಸಿರು ಉಡುಪು

ಇಬಾದಾನ್ ನಗರದ ವ್ಯಾನು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಮೆಣಸಿನಕಾಯಿ ಚೀಲ ತಬ್ಬಿ ಕೂತಿದ್ದ ರೋನ್ಕೆಯ ಮುಂದಿನ ಸೀಟಿನಲ್ಲಿ ದರ್ಜಿ ಹೆಂಗಸೊಬ್ಬಳು ಕಾಲು ಕುಣಿಸುತ್ತ ಫೋನು ಉಜ್ಜುತ್ತಿದ್ದಳು. ಪಕ್ಕದಲ್ಲಿ ಅವಳ ತಂಗಿ.

"ಗೂಗಲಲ್ಲಿ ಹಾಕಿರೋ ಆ ಫೋಟೋ ತೆಗೆದುಹಾಕಕ್ಕಾ. ನೀನು ಹೊಲಿದಿರೋ ಮದುಮಗಳ ಬಟ್ಟೇನ ಮದುವೆಗೆ ಮುಂಚೆ ಊರಿಗೆಲ್ಲ ತೋರಿಸ್ತಾರಾ?"

"ನಾನೇನು ಅವಳ ಮುಖ ತೋರಿಸಿದ್ನಾ? ಬರೀ ಬಟ್ಟೆ ತಾನೇ."

"ಮದುವೇಲಿ ನೆಂಟರೆಲ್ಲ ಒಂದೇ ಥರದ ಬಟ್ಟೆ ಹಾಕ್ತಾರೆ. ತನ್ನದೊಂದೇ ಬೇರೆ ಅನ್ನೋದೇ ಅವಳಿಗೆ ಹೆಮ್ಮೆ."

"ವರ್ಷವಿಡೀ ಶಾಲೆ ಯೂನಿಫಾರಂ ಫೋಟೋ ಹಾಕಿದೆ, ಒಂದು ನಾಯಿನೂ ಮೂಸಲಿಲ್ಲ. ಈಗ ಗೂಗಲಲ್ಲಿ 'ಇಬಾದಾನ್ ದರ್ಜಿ' ಅಂತ ಹುಡುಕು, ಮೊದಲು ನನ್ನಂಗಡೀನೇ ಬರೋದು!"

"ಯಾವ ಫೋಟೋ ಜೊತೆ?"

ಅಕ್ಕ ಕಿಟಕಿಯತ್ತ ತಿರುಗಿದಳು. ಫೋನು ಬಡಿದುಕೊಂಡಿತು; ಎತ್ತಿದಳು.

"ಹೌದಮ್ಮಾ, ಅದೇ ಹಸಿರು. ತದ್ವತ್ ಹೊಲಿದುಕೊಡ್ತೀನಿ. ಶನಿವಾರಕ್ಕಾ? ಯಾರ ಮದುವೆ?"

ಕುಣಿಯುತ್ತಿದ್ದ ಕಾಲು ನಿಂತಿತು. ಅವಳು ಫೋನನ್ನು ಎದೆಗೊತ್ತಿಕೊಂಡಳು.

"ಅದೇ ಮದುವೆ ಕಣೇ. ಗಂಡಿನ ಅಕ್ಕನಂತೆ."

"ಅಯ್ಯೋ! ಆಗಲ್ಲ ಅನ್ನು, ಈಗಲೇ ಅನ್ನು!"

ಅಷ್ಟರಲ್ಲಿ ಕಂಡಕ್ಟರು ಸ್ಟಾಪಿನ ಹೆಸರು ಕೂಗಿದ. ಇಬ್ಬರೂ ದಡಬಡಿಸಿ ಇಳಿದರು. ರೋನ್ಕೆ ತಡೆಯಲಾರದೆ ಕಿಟಕಿಯಿಂದ ಕತ್ತು ಚಾಚಿದಳು. ತಂಗಿ ತೋಳು ಹಿಡಿದು ಜಗ್ಗುತ್ತಿದ್ದಳು. ಅಕ್ಕ ಕೊಸರಿಕೊಂಡು ಫೋನು ಕಿವಿಗಿಟ್ಟಳು.

"ಹಾಂ ಅಮ್ಮಾ, ಕೇಳಿಸ್ತಿದೆ. ಸೊಂಟದ ಅಳತೆ ಹೇಳಿ."