ವೆಂಡೆಲ್ ಕ್ರೌಸ್ ಹಾರ್ನ್ ಒತ್ತಿದ ಶುಕ್ರವಾರ

ನಮ್ಮ ವೆಂಡೆಲ್ ಅವರ ಹೆಂಡತಿ ಮಿಸ್ ಒನೀಟಾ ಅವರೇ, ಮಗಳು ಟ್ರೇಸಾ ಅವರೇ, ಪಾಸ್ಟರ್ ಅವರೇ, ಸ್ಕೂಲ್ ಬೋರ್ಡಿನ ಸದಸ್ಯರೇ, ಡನ್ಮಾರ್ ಊರಿನ ನನ್ನ ಜನರೇ — ಕೋಚ್ ಅವರನ್ನು ನೆನೆಯಲು ಸೇರಿದ ಎಲ್ಲರಿಗೂ ನಮಸ್ಕಾರ. ಹಿಂದೆ ಗೋಡೆಗೆ ಒರಗಿ ನಿಂತವರು ದಯವಿಟ್ಟು ಮುಂದೆ ಬನ್ನಿ. ಇಲ್ಲಿ ಕುರ್ಚಿಗಳು ಖಾಲಿ ಇವೆ. — ಬರುವುದಿಲ್ಲ ಅಂತ ಗೊತ್ತು. ಈ ಊರಿನವರು ಚರ್ಚಿನಲ್ಲೂ ಹಿಂದಿನ ಬೆಂಚಿಗೇ ಜಗಳ ಆಡುವವರು.

ನಾನು ರೂಡಿ ಎಸ್ಕಮಿಯಾ. ದೂರದಿಂದ ಬಂದ ನೆಂಟರಲ್ಲಿ ಫುಟ್‌ಬಾಲ್ ನೋಡದವರೂ ಇದ್ದಾರಂತೆ — ಇರಲಿ, ದೇವರು ದೊಡ್ಡವನು, ಕ್ಷಮಿಸುತ್ತಾನೆ. ಅವರಿಗಾಗಿ ಎರಡು ಮಾತು. ನಮ್ಮದು ಕಾಲಲ್ಲಿ ಒದೆಯುವ ಆಟವಲ್ಲ, ಚೆಂಡನ್ನು ಕೈಯಲ್ಲಿ ಎಸೆದು, ಹಿಡಿದು, ಓಡುವ ಆಟ. ನಮ್ಮ ಶಾಲೆಯ ತಂಡದಲ್ಲಿ ನಾನು ರಿಸೀವರ್‌ಗಳ ಕೋಚ್. ಅಂದರೆ ದೂರ ಓಡಿಹೋಗಿ, ಎಸೆದ ಚೆಂಡನ್ನು ಹಿಡಿಯುವ ಹುಡುಗರಿಗೆ ಕಲಿಸುವವನು. ವೆಂಡೆಲ್ ಅವರು ಲೈನಿನ ಕೋಚ್. ಅಂದರೆ ಸಾಲಾಗಿ ಬಗ್ಗಿ ನಿಂತು, ಎದುರಿನವರನ್ನು ತಳ್ಳಿ ತಡೆದು, ಎಸೆಯುವ ಹುಡುಗನನ್ನು ಕಾಯುವ ಐದು ಜನರಿಗೆ. ಆ ಐದು ಜನ ಎಸೆದ ಚೆಂಡನ್ನು ಹಿಡಿಯುವ ಹಾಗಿಲ್ಲ. ಅದು ನಿಯಮ. ನನ್ನ ಹುಡುಗರ ಹೆಸರು ಪೇಪರಿನಲ್ಲಿ ಬರುತ್ತಿತ್ತು. ಅವರ ಹುಡುಗರ ಹೆಸರು ಅವರವರ ಅಮ್ಮಂದಿರಿಗೆ ಮಾತ್ರ ಗೊತ್ತಿರುತ್ತಿತ್ತು.

ತಂಡಕ್ಕೆ ಮೊದಲು ಯಾರು ಬೇಕು — ಹಿಡಿಯುವವರೋ, ತಳ್ಳುವವರೋ? ಇದೊಂದೇ ಜಗಳ. ನಾನು ಈ ಶಾಲೆಗೆ ಬಂದ ದಿನ ಶುರುವಾಯಿತು. ಹೋದ ತಿಂಗಳು ಅವರ ಹಾಸಿಗೆಯ ಪಕ್ಕದಲ್ಲೂ ನಡೆಯಿತು. ಮಿಸ್ ಒನೀಟಾ ಸಾಕ್ಷಿ. ಅವರು ಕಾಫಿ ಇಟ್ಟು, "ನೀವಿಬ್ರೂ ಮುಗಿಸ್ದಾಗ ಕರೀರಿ," ಅಂತ ಹೊರಗೆ ಹೋಗಿಬಿಡುತ್ತಿದ್ದರು.

ಪ್ರತಿ ಆಗಸ್ಟ್‌ನಲ್ಲೂ, ಅಭ್ಯಾಸ ಶುರುವಾಗುವಾಗ, ಇದೇ. ಎತ್ತರವೂ ಇರುವ, ಗಟ್ಟಿಯೂ ಇರುವ, ಓಡುವುದಕ್ಕೂ ಬರುವ ಹುಡುಗ ಊರಿಗೆ ಒಬ್ಬನೇ ಹುಟ್ಟುತ್ತಾನೆ. ಅವನ ಒಂದು ಕೈ ನಾನು ಹಿಡಿಯುವುದು, ಇನ್ನೊಂದು ಕೈ ಅವರು. ನಾನು ಅವರ ಸಾಲಿಗೆ ಫ್ರಿಜ್‌ಗಳು ಅನ್ನುತ್ತಿದ್ದೆ. ಅವರು ನನ್ನ ಹುಡುಗರಿಗೆ ಗಾಳಿಪಟಗಳು ಅನ್ನುತ್ತಿದ್ದರು. "ಎಸೆಯೋನು ನೆಲಕ್ಕೆ ಬಿದ್ದಿದ್ರೆ ನಿನ್ನ ಗಾಳಿಪಟಗಳಿಗೆ ದಾರ ಯಾರಪ್ಪ ಬಿಡ್ತಾರೆ?" — ಹೀಗೆ. ಸೊಂಟದ ಮೇಲೆ ಕೈ ಇಟ್ಟುಕೊಂಡು, ಟೋಪಿಯನ್ನು ಹಿಂದಕ್ಕೆ ತಳ್ಳಿ.

ಒಂದು ವರ್ಷ ಹೆಡ್ ಕೋಚ್ ನನ್ನ ಮಾತು ಕೇಳಿದರು. ಒಳ್ಳೆಯ ಹುಡುಗರೆಲ್ಲ ನನಗೆ. ಮಿಕ್ಕವರು ವೆಂಡೆಲ್ ಅವರಿಗೆ. ಏನಾಯಿತು? — ಹಳಬರು ನಗುತ್ತಿದ್ದೀರಿ, ನೆನಪಿದೆ ನಿಮಗೆ. ನಮ್ಮ ಎಸೆಯುವ ಹುಡುಗ ಕೈ ಎತ್ತುವ ಮೊದಲೇ ಅವನ ಮೇಲೆ ಮೂವರು ಬಿದ್ದಿರುತ್ತಿದ್ದರು. ನನ್ನ ಗಾಳಿಪಟಗಳು ಅಷ್ಟು ದೂರದಲ್ಲಿ ಬಸ್ಸಿಗೆ ಕೈ ಅಡ್ಡ ಹಾಕುವವರ ಹಾಗೆ ನಿಂತಿದ್ದವು. ವಾಪಸು ಬರುವಾಗ ವೆಂಡೆಲ್ ಅವರು ಬಸ್ಸಿನಲ್ಲಿ ನನ್ನ ಸೀಟಿನ ಹತ್ತಿರ ಬಂದರು. ಈಗ ಶುರು ಮಾಡುತ್ತಾರೆ ಅಂದುಕೊಂಡೆ. ಐಸಿನ ಚೀಲ ಕೊಟ್ಟರು. "ಅವನ ಭುಜಕ್ಕೆ ಹಿಡಿ. ನಿನ್ನ ಹುಡುಗರನ್ನೂ ಕರಿ, ಅವರ ಕೈ ಖಾಲಿ ಇತ್ತಲ್ಲ."

ಮರುವರ್ಷ ಅವರ ಸರದಿ. ಗೋಡೆ ಕಟ್ಟಿದರು ನೋಡಿ. ನಮ್ಮ ಎಸೆಯುವ ಹುಡುಗ ಅದರ ಹಿಂದೆ ನಿಂತು ಒಂದು ಬುರಿಟೊ ತಿಂದು, ಕೈ ಒರೆಸಿಕೊಂಡು ಎಸೆಯಬಹುದಿತ್ತು. ಯಾರಿಗೆ ಎಸೆಯುವುದು? ನನ್ನ ಪಾಲಿಗೆ ಬಂದವರಲ್ಲಿ ಒಬ್ಬ ನಿಜವಾಗಿ ಬ್ಯಾಂಡಿನ ಹುಡುಗ, ತುತ್ತೂರಿ ಊದುವವನು. ಚೆಂಡು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಸೋತೆವು. ನಾನು ಬಿಡುತ್ತೇನೆಯೇ? ಹೋಗಿ ಹೇಳಿದೆ — "ಗೋಡೆ ಚೆನ್ನಾಗಿತ್ತು ಕೋಚ್. ಗೋಡೆಗೆ ಅಂಕ ಕೊಡಲ್ವಂತೆ."

ಅವರು ನಗಲಿಲ್ಲ. ನಮ್ಮ ಎಸೆಯುವ ಹುಡುಗ ತನ್ನ ಅಪ್ಪನ ಜೊತೆ ಪಿಕಪ್ ಗಾಡಿಯ ಹತ್ತಿರ ನಿಂತು ಏನೋ ತಿನ್ನುತ್ತಿದ್ದ. ಅವನನ್ನು ತೋರಿಸಿದರು. "ಇವತ್ತು ಅವನಿಗೆ ಐಸ್ ಬೇಕಾಗಲಿಲ್ಲ. ನೋಡಿದ್ಯಾ?" ಅಂದರು.

ಆವತ್ತು ನನಗೆ ಗೊತ್ತಾಯಿತು, ಈ ಮನುಷ್ಯ ಜಗಳ ಆಡುತ್ತಿರುವುದು ಅಂಕಗಳಿಗಾಗಿ ಅಲ್ಲ ಅಂತ. — ಹಾಗಂತ ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ.

ಅವರ ಜೊತೆ ಆಟ ನೋಡಿದವರಿಗೆ ಇನ್ನೊಂದು ವಿಷಯ ಗೊತ್ತು. ಅವರು ಚೆಂಡನ್ನು ನೋಡುತ್ತಲೇ ಇರಲಿಲ್ಲ. ಊರೆಲ್ಲ ಆಕಾಶ ನೋಡುತ್ತಿದ್ದರೆ ಅವರು ತಮ್ಮ ಹುಡುಗರ ಪಾದ ನೋಡುತ್ತಿದ್ದರು. ಅಂಕ ಬಂತೆಂದು ಸುತ್ತ ನಿಂತ ಪಿಕಪ್ಪುಗಳೆಲ್ಲ ಹಾರ್ನ್ ಹೊಡೆದ ಮೇಲೆ ತಲೆ ಎತ್ತಿ, "ಯಾರು ಗಳಿಸಿದ್ದು? ನಾವಾ?" ಅಂತ ಕೇಳುತ್ತಿದ್ದರು.

ಈಗ — ನಾನು ಇಲ್ಲಿ ನಿಂತು ಹೇಳಬೇಕೆಂದುಕೊಂಡ ಮಾತಿಗೆ ಬರುತ್ತೇನೆ.

ಮಂಗಳವಾರ ಬೋರ್ಡಿನ ಮತದಾನ ಇದೆ. ನಮ್ಮಲ್ಲಿ ಹನ್ನೊಂದು ಜನರ ತಂಡಕ್ಕೆ ಸಾಲುವಷ್ಟು ಹುಡುಗರಿಲ್ಲ. ಹೋದ ವರ್ಷ ಲೈನಿನಲ್ಲಿ ಯಾರನ್ನು ನಿಲ್ಲಿಸಿದೆವು ಅಂತ ನಿಮಗೆ ಗೊತ್ತು. ಇನ್ನೂ ಮೀಸೆ ಮೂಡದ ಮಕ್ಕಳನ್ನು. ಇರುವುದು ಎರಡು ದಾರಿ. ಹೈಸ್ಕೂಲನ್ನು ಆರಿನ್ ಊರಿನ ಶಾಲೆಗೆ ಸೇರಿಸಿಬಿಡುವುದು, ಹನ್ನೊಂದು ಜನರ ಆಟ ಉಳಿಯುತ್ತದೆ, ಡನ್ಮಾರ್ ತಂಡ ಇರುವುದಿಲ್ಲ. ಇಲ್ಲವೇ ನಮ್ಮ ಶಾಲೆ ನಮ್ಮಲ್ಲೇ ಇಟ್ಟುಕೊಂಡು, ಸಣ್ಣ ಊರುಗಳು ಆಡುವ ಆರು ಜನರ ಆಟಕ್ಕೆ ಇಳಿಯುವುದು. ಆರು ಜನರ ಆಟದಲ್ಲಿ ಸಾಲಿಗೆ ಮೂವರೇ. ಅಲ್ಲಿ ಆ ಮೂವರೂ ಚೆಂಡು ಹಿಡಿಯಬಹುದು. ಯಾರು ಬೇಕಾದರೂ ಹಿಡಿಯಬಹುದು.

ಈ ವಾರ ಕ್ಷೌರದಂಗಡಿಯಲ್ಲಿ, ಬೀಜದ ಅಂಗಡಿಯಲ್ಲಿ, ಇವತ್ತು ಅಲ್ಲಿ ಬ್ರಿಸ್ಕೆಟ್ ಮಾಂಸ ಬಡಿಸುವ ಮೇಜಿನ ಹತ್ತಿರವೂ ಒಂದೇ ಮಾತು ಕೇಳಿದೆ. ಆರು ಜನರ ಆಟಕ್ಕೆ ವೆಂಡೆಲ್ ಒಪ್ಪುತ್ತಿದ್ದರಾ? ಲೈನನ್ನೇ ಅರ್ಧ ಮಾಡುವ ಆಟಕ್ಕೆ? ಬೋರ್ಡಿನ ಅಧ್ಯಕ್ಷ ಲಾಯ್ಡ್ ಬೀಸ್ಲಿ ನನ್ನ ಎದುರಿಗೇ ಕೂತಿದ್ದಾನೆ. ಬೇಜಾರು ಮಾಡಿಕೊಳ್ಳಬೇಡ ಲಾಯ್ಡ್, ನೀನೂ ಹೇಳಿದೆ — ಕೋಚ್ ನೆನಪಿಗಾದರೂ ಹನ್ನೊಂದು ಜನರ ಆಟ ಉಳಿಸೋಣ ಅಂತ. ಪ್ರೀತಿಯಿಂದಲೇ ಹೇಳಿದೆ. ಆ ಶುಕ್ರವಾರ ಅವರ ಜೊತೆ ನಾನಿರದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಹೋದ ಅಕ್ಟೋಬರ್. ನಮಗೆ ಆಟವಿಲ್ಲದ ಶುಕ್ರವಾರ. ಅವರಿಗೆ ಆಗಲೇ ಮೂಗಿಗೆ ಆಕ್ಸಿಜನ್ ಕೊಳವೆ. ಫೋನ್ ಮಾಡಿ, ಪಿಕಪ್ ತಗೊಂಡು ಬಾ, ಸ್ಲೇಡ್ ಊರಿಗೆ ಹೋಗಬೇಕು ಅಂದರು. ಸ್ಲೇಡ್‌ನಲ್ಲಿ ಏನಿದೆ? ಒಂದು ಪೆಟ್ರೋಲ್ ಬಂಕು, ಒಂದು ಹತ್ತಿ ಗಿರಣಿ, ಒಂದು ಆರು ಜನರ ತಂಡ. ದಾರಿಯುದ್ದಕ್ಕೂ ಒಂದೇ ಎಚ್ಚರಿಕೆ. "ಯಾರಿಗೂ ಹೇಳ್ಬೇಡ ಮಾರಾಯ. ಇದನ್ನ ನೋಡೋಕೆ ಹೋಗಿದ್ದೆ ಅಂತ ಗೊತ್ತಾದ್ರೆ ಊರಲ್ಲಿ ತಲೆ ಎತ್ತೋ ಹಾಗಿಲ್ಲ."

ಬೇಲಿಯ ಪಕ್ಕ ಗಾಡಿ ನಿಲ್ಲಿಸಿ ಒಳಗೇ ಕೂತು ನೋಡಿದೆವು. ಹೊತ್ತು ಮುಳುಗುತ್ತಿತ್ತು. ಶುರುವಿನಲ್ಲಿ ಬರೀ ಗೊಣಗಾಟ. ಇದು ಫುಟ್‌ಬಾಲ್ ಅಲ್ಲ, ಕೋಳಿ ಅಟ್ಟೋ ಆಟ, ಅಂತ. ಆದರೆ ಕಣ್ಣು ಮಾತ್ರ ಎಂದಿನ ಹಾಗೆ ಸಾಲಿನ ಪಾದಗಳ ಮೇಲೆ. ನಡುವೆ ಒಬ್ಬ ಹುಡುಗ — ದಪ್ಪ, ಕೆಂಪು ಕೂದಲು, ಒಳಗೆ ಸೇರದೆ ಹೊರಗೆ ಬಂದ ಅಂಗಿ — ಕಾಲ ಸಂದಿಯಿಂದ ಚೆಂಡು ಹಿಂದಕ್ಕೆ ಕೊಟ್ಟ, ಎದುರಿನವನನ್ನು ತಳ್ಳಿದ. ಚೆನ್ನಾಗಿ ತಳ್ಳಿದ. ವೆಂಡೆಲ್ ಅವರು, "ಹ್ಞಾ, ಇವನಿಗೆ ಕಾಲಿದೆ," ಅಂದರು. ಮರುಕ್ಷಣ ಆ ಕಾಲುಗಳು ಅಲ್ಲಿಲ್ಲ.

"ಎಲ್ಲಿ ಹೋದ ಇವನು? ಜಾಗ ಬಿಟ್ಟು ಎಲ್ಲಿ ಹೋದ?" ನಿಜವಾಗಿ ಸಿಟ್ಟು ಬಂದಿತ್ತು. ಸೀಟಿನಿಂದ ಅರ್ಧ ಎದ್ದರು. ಆಮೇಲೆ — ನಾನು ಪಕ್ಕದಲ್ಲೇ ಇದ್ದೆ, ನೋಡಿದೆ — ತಲೆ ಎತ್ತಿದರು. ಆ ದಪ್ಪ ಹುಡುಗ ಮೈದಾನದ ಆಚೆ ತುದಿಯಲ್ಲಿದ್ದ. ಎರಡೂ ಕೈಯಿಂದ ಚೆಂಡನ್ನು ಎದೆಗೆ ಅವಚಿಕೊಂಡು, ಕೂಸನ್ನು ಎತ್ತಿಕೊಂಡು ಓಡುವವನ ಹಾಗೆ, ಓಡುತ್ತಿದ್ದ. ಹಿಂದೆ ಎಲ್ಲರೂ ಅಟ್ಟಿಸಿಕೊಂಡು. ಯಾರಿಗೂ ಸಿಗಲಿಲ್ಲ.

ವೆಂಡೆಲ್ ಕ್ರೌಸ್ ನನ್ನ ಎದೆಯ ಮೇಲೆ ಅಡ್ಡ ಬಾಗಿ, ನನ್ನ ಗಾಡಿಯ ಹಾರ್ನ್ ಒತ್ತಿದರು. — ಒತ್ತಿ, ಕೈ ತೆಗೆಯುವುದನ್ನೇ ಮರೆತರು. ಮೈದಾನದವರೆಲ್ಲ ತಿರುಗಿ ನೋಡಿದರು. ಯಾವುದೋ ಊರಿನ ಮಗು, ಸ್ವಾಮಿ. ಹೆಸರೂ ಗೊತ್ತಿಲ್ಲ ನಮಗೆ.

ಕೊನೆಗೆ ಕೈ ತೆಗೆದು, ಸರಿದುಹೋಗಿದ್ದ ಕೊಳವೆಯನ್ನು ಮತ್ತೆ ಮೂಗಿಗೆ ಸಿಕ್ಕಿಸಿಕೊಂಡರು. ಆಮೇಲೆ ಹೇಳಿದರು — "ಇಷ್ಟು ವರ್ಷ ನನ್ನ ಹುಡುಗರಿಗೆ, ಚೆಂಡು ನಿಮ್ಮದಲ್ಲ ಅಂತ ಹೇಳ್ತಾ ಬಂದೆ ಕಣೋ ರೂಡಿ. ಒಬ್ಬನೂ ಯಾಕೆ ಅಂತ ಕೇಳಲಿಲ್ಲ. ಎಲ್ರೂ ತಲೆ ಬಗ್ಗಿಸಿ ತಳ್ಳಿದ್ರು."

— ಕ್ಷಮಿಸಿ. ಒಂದು ಗುಟುಕು ನೀರು.

ವಾಪಸು ಬರುವಾಗ ಆರು ಜನರ ಆಟದ ಯೋಜನೆ ಶುರು. ಇರೋ ಹುಡುಗರಲ್ಲೇ ಆಗುತ್ತೆ, ಯಾರ ಮೂಳೆಯೂ ಮುರಿಯಲ್ಲ, ಆರಿನ್‌ಗೆ ಹೋದರೆ ನಮ್ಮ ಮಕ್ಕಳು ಬೆಂಚು ಕಾಯುತ್ತಾರೆ, ಇಲ್ಲಿ ಪ್ರತಿಯೊಬ್ಬನೂ ಆಡುತ್ತಾನೆ ಅಂತ. ಬೋರ್ಡಿನ ಮುಂದೆ ಬಂದು ನಾನೇ ಹೇಳುತ್ತೇನೆ ಅಂದಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಬರೋ ಆಗಸ್ಟಿಗೆ ನನ್ನ ಫ್ರಿಜ್‌ಗಳಿಗೆ ಹಿಡಿಯೋದು ನೀನು ಕಲಿಸು. ನಿನ್ನ ಗಾಳಿಪಟಗಳಿಗೆ ತಳ್ಳೋದು ನಾನು ಕಲಿಸ್ತೀನಿ," ಅಂದರು.

ನಾನು ಗೆದ್ದೆ ಅಂದುಕೊಂಡೆ. ಹೇಳಿಯೂಬಿಟ್ಟೆ — "ಹಾಗಾದ್ರೆ ಒಪ್ಪಿಕೊಂಡ್ರಿ ಕೋಚ್. ಹಿಡಿಯೋರೇ ಮುಖ್ಯ."

"ಯಾರು ಹೇಳಿದ್ದು?" ಅಂದರು. "ಅವನು ಮೊದಲು ತಳ್ಳಿದ. ಆಮೇಲೆ ಹಿಡಿದ. ಕಣ್ಣಿರಲಿಲ್ವಾ ನಿನಗೆ?"

ಈ ಕಥೆ ಹೇಳಬಹುದಾ ಅಂತ ಇವತ್ತು ಬೆಳಿಗ್ಗೆ ಮಿಸ್ ಒನೀಟಾ ಅವರನ್ನು ಕೇಳಿದೆ. ಯಾರಿಗೂ ಹೇಳಬೇಡ ಅಂತ ಕೋಚ್ ಅಂದಿದ್ದರಲ್ಲ. ಮಿಸ್ ಒನೀಟಾ ನಕ್ಕರು. ಈ ಚಳಿಗಾಲವೆಲ್ಲ ಮನೆಯಲ್ಲಿ ತಮಗೂ ಅದೇ ಪಾಠವಂತೆ. ಕಾಲುಚೀಲಗಳನ್ನು ಉಂಡೆ ಸುತ್ತಿ ಕೋಚ್ ಹಾಸಿಗೆಯಿಂದಲೇ ಎಸೆಯುತ್ತಿದ್ದರಂತೆ. ಇವರು ಹಿಡಿಯಬೇಕು. ದೊಡ್ಡ ಕೈಯವನು ಹೇಗೆ ಹಿಡಿಯುತ್ತಾನೆ ಅಂತ ನೋಡುವುದಕ್ಕೆ ಅಡುಗೆಮನೆಯ ದಪ್ಪ ಕೈಗವಸು ಹಾಕಿಕೊಂಡು ಹಿಡಿಯಬೇಕು. "ಹೇಳು ರೂಡಿ," ಅಂದರು, "ಅವರೇ ಬಂದು ಹೇಳೋ ಹಾಗಿಲ್ಲವಲ್ಲ."

ಹೇಳಿದ್ದೇನೆ. ಬೋರ್ಡಿನವರೇ, ಮತ ನಿಮ್ಮದು. ಆದರೆ ಮಂಗಳವಾರ ಕೈ ಎತ್ತುವಾಗ, ಅವರು ಇದನ್ನು ಒಪ್ಪುತ್ತಿರಲಿಲ್ಲ ಅಂತ ಮಾತ್ರ ಯಾರೂ ಅಂದುಕೊಳ್ಳಬೇಡಿ. ಅವರಿಗೆ ಈ ಊರಿನಲ್ಲಿ ಆಗಸ್ಟ್ ಬೇಕಿತ್ತು. ಅಷ್ಟೇ.

ಒಂದೇ ತೊಂದರೆ. ಒಪ್ಪಂದದಲ್ಲಿ ನನ್ನ ಪಾಲು ನಾನು ಮಾಡುತ್ತೇನೆ, ಹಿಡಿಯುವುದನ್ನು ಕಲಿಸುತ್ತೇನೆ. ತಳ್ಳುವುದನ್ನು ಕಲಿಸಲು ನನಗೆ ಬರುವುದಿಲ್ಲ. ನಿಮಗೆ ಬರುತ್ತದೆ. ಈ ಹಾಲ್‌ನಲ್ಲಿ ಅವರ ಲೈನಿನಲ್ಲಿ ನಿಂತವರು ಎಷ್ಟೋ ಜನ ಇದ್ದೀರಿ. ಹೊಟ್ಟೆ ಬಂದಿರಬಹುದು, ಮೊಣಕಾಲು ಹೋಗಿರಬಹುದು. ಪಾದ ಎಲ್ಲಿಡಬೇಕು ಅನ್ನುವುದು ಮರೆತಿರುವುದಿಲ್ಲ. ಅದನ್ನು ಅವರು ಮರೆಯಲು ಬಿಟ್ಟಿರುವುದಿಲ್ಲ. ಆಗಸ್ಟಿನಲ್ಲಿ ಸಂಜೆ ಒಂದಿಷ್ಟು ಹೊತ್ತು ಮೈದಾನಕ್ಕೆ ಬರಬೇಕು.

ನಾವೀಗ ಮೌನ ಆಚರಿಸಬೇಕು. ಎಲ್ಲರೂ ಒಟ್ಟಿಗೆ ಏಳಬೇಡಿ. ಅವರ ಲೈನಿನಲ್ಲಿ ಆಡಿದವರು ಮೊದಲು ಎದ್ದು ನಿಲ್ಲಿ. ಆಗಸ್ಟಿಗೆ ಕಲಿಸಲು ಬರುತ್ತೇನೆ ಅನ್ನುವವರು.

— ಗೋಡೆಗೆ ಒರಗಿದವರು ಆಗಲೇ ನಿಂತಿದ್ದೀರಿ, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಎರಡು ಹೆಜ್ಜೆ ಮುಂದೆ ಬನ್ನಿ. — ಹಾಂ. ಬನ್ನಿ. — ಅಲ್ಲಿ, ಬೀನ್ಸ್ ಪಾತ್ರೆಯ ಪಕ್ಕದಲ್ಲಿ, ತಟ್ಟೆ ಕೆಳಗಿಟ್ಟು. — ಟ್ರೇಸಾ, ನಿಮ್ಮ ಗಂಡನೂ ಎದ್ದರು, ನೋಡಿ.

ಲಾಯ್ಡ್. ಅವರ ಲೈನಿನಲ್ಲಿ ಎಡಗಡೆಯಿಂದ ಎರಡನೆಯವನು, ನಾನು ಬಂದ ವರ್ಷ. ನಿನ್ನನ್ನು ಕೇಳುತ್ತಿರುವುದು ಬೋರ್ಡಿನ ಅಧ್ಯಕ್ಷ ಅಂತ ಅಲ್ಲ. ನಿಧಾನಕ್ಕೆ ಯೋಚನೆ ಮಾಡು, ಅವಸರವಿಲ್ಲ, ನಾವೆಲ್ಲ ಕಾಯುತ್ತೇವೆ.

—

ಥ್ಯಾಂಕ್ಯೂ ಲಾಯ್ಡ್.

ಈಗ ಉಳಿದವರೂ ಏಳಿ. ಮಿಸ್ ಒನೀಟಾ, ನೀವು ಕೂತೇ ಇರಿ, ನಿಮ್ಮ ಪರವಾಗಿ ಇಷ್ಟು ಜನ ನಿಂತಿದ್ದೇವೆ. ಟೋಪಿ ತೆಗೆಯಿರಿ. ಕೋಚ್ ವೆಂಡೆಲ್ ಕ್ರೌಸ್ ಅವರಿಗಾಗಿ, ಒಂದು ನಿಮಿಷ, ಯಾರೂ ಮಾತಾಡುವುದು ಬೇಡ. ನಾನೂ ಸುಮ್ಮನಿರುತ್ತೇನೆ.